ಬರ, ಉಪ್ಪು ನೀರು ಮತ್ತು ಬೆಳೆಯ ಬೇರು: ಯಾವ ಮಾಡೆಲ್ ಆರಿಸಿಕೊಳ್ಳಬೇಕು?

ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ, ಗಂಗಾವತಿ ಸುತ್ತಮುತ್ತ, ಭತ್ತದ ಗದ್ದೆಗಳಲ್ಲಿ ನೀರು ನಿಂತಿರುತ್ತದೆ. ಅದೇ ಕಾಲುವೆ ಮಾನ್ವಿ, ರಾಯಚೂರು ಕಡೆ ಬರುವಷ್ಟರಲ್ಲಿ ಸೊರಗಿರುತ್ತದೆ. ಮಳೆ ಕೈಕೊಟ್ಟ ವರ್ಷ ಕೊನೆ ಭಾಗದ ಹೊಲಕ್ಕೆ ನೀರು ತಲುಪುವುದೇ ಅನುಮಾನ. ಆಗ ರೈತರಿಗೆ ಉಳಿಯುವುದು ಬೋರ್ ಒಂದೇ. ಎಷ್ಟೋ ಕಡೆ ಆ ಬೋರ್ ನೀರು ಉಪ್ಪು. ಬೆಳೆಗೆ ನೀರಿನ ಕೊರತೆ, ಉಪ್ಪಿನ ಕಾಟ ಎರಡೂ ಒಟ್ಟಿಗೇ ಬಂದು ಕೂರುತ್ತವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಇಂಥ ವರ್ಷಗಳು ಮತ್ತೆ ಬರುತ್ತವೆ. ಲೆಕ್ಕ ಮೊದಲೇ ಹಾಕಿಟ್ಟುಕೊಂಡರೆ ಒಳ್ಳೆಯದು ಅಲ್ವಾ?

ಇಂಥ ಹೊಲದಲ್ಲಿ ಬೇರು ದಿನಕ್ಕೆ ಎಷ್ಟು ನೀರು ಎಳೆದುಕೊಳ್ಳುತ್ತದೆ ಎಂದು ಲೆಕ್ಕ ಹಾಕಲು ಹಲವು ಮಾಡೆಲ್‌ಗಳಿವೆ. ಕೃಷಿ ವಿದ್ಯಾರ್ಥಿಗಳು, ಕೃಷಿ ವಿಜ್ಞಾನ ಕೇಂದ್ರದವರು, ನೀರಾವರಿ ಎಂಜಿನಿಯರ್‌ಗಳು ಸಾಮಾನ್ಯವಾಗಿ ಕೇಳುವುದು "ಯಾವ ಸಾಫ್ಟ್‌ವೇರ್ ಒಳ್ಳೆಯದು?" ಅಂತ. ನನ್ನ ಪ್ರಕಾರ ಸಾಫ್ಟ್‌ವೇರ್ ಆಮೇಲಿನ ಮಾತು. ಬರವನ್ನೂ ಉಪ್ಪನ್ನೂ ಆ ಮಾಡೆಲ್ ಹೇಗೆ ಸೇರಿಸುತ್ತದೆ ಅನ್ನುವುದನ್ನು ಮೊದಲು ನೋಡಬೇಕು. ಅಲ್ಲಿ ಒಂದು ಆಯ್ಕೆ ಬದಲಾದರೆ ಉತ್ತರವೇ ಅರ್ಧಕ್ಕಿಂತ ಕೆಳಗೆ ಇಳಿಯಬಹುದು. ಮುಂದೆ ಅಂಕಿ ಹಾಕಿ ತೋರಿಸುತ್ತೇನೆ.

ಉಪ್ಪು ಬೇರಿಗೆ ಏನು ಮಾಡುತ್ತದೆ?

ಮಣ್ಣು ನೀರನ್ನು ಹಿಡಿದುಕೊಂಡಿರುತ್ತದೆ. ಬೇರು ಅದಕ್ಕಿಂತ ಜೋರಾಗಿ ಎಳೆದರೆ ಮಾತ್ರ ನೀರು ಸಿಗುತ್ತದೆ. ಮಣ್ಣು ಒಣಗಿದಷ್ಟೂ ಹಿಡಿತ ಬಿಗಿ. ಇದನ್ನು ಮಣ್ಣಿನ ಹಿಡಿತ ಎನ್ನೋಣ. ನೀರಿನಲ್ಲಿ ಉಪ್ಪು ಕರಗಿದ್ದರೆ ಅದರದೇ ಇನ್ನೊಂದು ಹಿಡಿತ ಇರುತ್ತದೆ. ಪುಸ್ತಕದಲ್ಲಿ ಆಸ್ಮಾಟಿಕ್ ಒತ್ತಡ ಅನ್ನುತ್ತಾರೆ. ಒಂದು ಅಂದಾಜು ನೆನಪಿಟ್ಟುಕೊಳ್ಳಿ: ನೀರಿನ ಇಸಿ (ವಿದ್ಯುತ್ ಹರಿಸುವ ಗುಣ, ಉಪ್ಪು ಹೆಚ್ಚಿದಷ್ಟೂ ಇದೂ ಹೆಚ್ಚು) ಮೀಟರಿಗೆ 1 ಡೆಸಿಸೀಮೆನ್ಸ್ ಆದರೆ ಉಪ್ಪಿನ ಹಿಡಿತ ಸುಮಾರು 36 ಕಿಲೋಪಾಸ್ಕಲ್. ಅಂದರೆ ಹೆಚ್ಚು ಕಡಿಮೆ 360 ಸೆಂ.ಮೀ. ಎತ್ತರದ ನೀರಿನ ತೂಕದಷ್ಟು. (ಇನ್ನು ಮುಂದೆ ಇಸಿ ಎಂದು ಅಂಕಿ ಕೊಟ್ಟಲ್ಲೆಲ್ಲ ಇದೇ ಅಳತೆ.)

ಕಷ್ಟ ಇರುವುದು ಇಲ್ಲಿ. ಬೇರು ನೀರನ್ನು ಎಳೆದುಕೊಳ್ಳುತ್ತದೆ, ಉಪ್ಪನ್ನು ಬಹುಪಾಲು ಮಣ್ಣಲ್ಲೇ ಬಿಡುತ್ತದೆ. ಮಣ್ಣಿನ ತೇವ ಅರ್ಧಕ್ಕೆ ಇಳಿದರೆ ಉಳಿದ ನೀರಿನಲ್ಲಿ ಉಪ್ಪು ಹತ್ತಿರ ಹತ್ತಿರ ಎರಡು ಪಟ್ಟು ಗಟ್ಟಿಯಾಗುತ್ತದೆ. ಆದ್ದರಿಂದ ಬರವನ್ನು ಒಂದು ಕಡೆ, ಉಪ್ಪನ್ನು ಇನ್ನೊಂದು ಕಡೆ ಬೇರೆ ಬೇರೆ ಇಟ್ಟು ಲೆಕ್ಕ ಹಾಕಿದರೆ ಕೊನೆ ಭಾಗದ ಹೊಲ ಅರ್ಥವಾಗುವುದಿಲ್ಲ.

ಪಟ್ಟಿ ನೋಡಿ ಹಾಕುವ ಲೆಕ್ಕ

ಎಲ್ಲಕ್ಕಿಂತ ಸರಳ ದಾರಿ ಇದು. 1977ರಲ್ಲಿ ಮಾಸ್ ಮತ್ತು ಹಾಫ್‌ಮನ್ ಎಂಬ ಇಬ್ಬರು ವಿಜ್ಞಾನಿಗಳು ಬೆಳೆವಾರು ಪಟ್ಟಿ ಮಾಡಿದರು. ಪ್ರತಿ ಬೆಳೆಗೂ ಎರಡೇ ಅಂಕಿ. ಮಣ್ಣಿನ ಇಸಿ ಎಷ್ಟರವರೆಗೆ ಇದ್ದರೆ ಇಳುವರಿಗೆ ಪೆಟ್ಟಿಲ್ಲ ಅನ್ನುವುದು ಒಂದು. ಅದನ್ನು ದಾಟಿದ ಮೇಲೆ ಇಸಿ ಒಂದೊಂದು ಏರಿದಾಗಲೂ ಇಳುವರಿ ಶೇಕಡಾ ಎಷ್ಟು ಇಳಿಯುತ್ತದೆ ಅನ್ನುವುದು ಇನ್ನೊಂದು. ಹತ್ತಿಗೆ 7.7 ಮತ್ತು 5.2. ಜೋಳಕ್ಕೆ 6.8 ಮತ್ತು 16. ಮೆಣಸಿನಕಾಯಿ ಜಾತಿಗೆ 1.5 ಮತ್ತು 14. ಈರುಳ್ಳಿಗೆ 1.2 ಮತ್ತು 16.

ನೀರಿನ ಇಸಿಯಿಂದ ಮಣ್ಣಿನ ಇಸಿ ಅಂದಾಜು ಮಾಡಲು ಏರ್ಸ್ ಮತ್ತು ವೆಸ್ಟ್‌ಕಾಟ್ ಅವರು 1985ರಲ್ಲಿ ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) 29ನೇ ಕೈಪಿಡಿಯಲ್ಲಿ ಕೊಟ್ಟ ಗುಣಕಗಳಿವೆ. ಹಾಯಿಸಿದ ನೀರಿನಲ್ಲಿ ಶೇ. 15ರಿಂದ 20 ಬೇರಿನ ಕೆಳಕ್ಕೆ ಬಸಿದು ಹೋಗುತ್ತಿದ್ದರೆ ಮಣ್ಣಿನ ಇಸಿ ನೀರಿನ ಇಸಿಯ ಒಂದೂವರೆ ಪಟ್ಟು. ಬೋರ್ ನೀರಿನ ಇಸಿ 2.7 ಅಂದುಕೊಳ್ಳಿ. ಮಣ್ಣಿನದು ಸುಮಾರು 4 ಆಗುತ್ತದೆ. ಹತ್ತಿಗೆ ಏನೂ ಆಗುವುದಿಲ್ಲ, ಮೆಣಸಿನಕಾಯಿಯಲ್ಲಿ ಶೇ. 35 ಹೋಗುತ್ತದೆ, ಈರುಳ್ಳಿಯಲ್ಲಿ ಶೇ. 45.

ಆದರೆ ಬರದ ವರ್ಷ ಶೇ. 15 ನೀರು ಬಸಿದು ಹೋಗುತ್ತದಾ? ಬೆಳೆಗೇ ಸಾಲದ ನೀರು ಕೆಳಕ್ಕೆ ಹೇಗೆ ಇಳಿಯಬೇಕು? ಬಸಿಯುವುದು ಶೇ. 10ಕ್ಕೆ ಇಳಿದರೆ ಗುಣಕ 2.1. ಶೇ. 5ಕ್ಕೆ ಇಳಿದರೆ 3.2. ಅದೇ 2.7ರ ಬೋರ್ ನೀರು ಈಗ ಮಣ್ಣನ್ನು 5.7ಕ್ಕೆ, ಇಲ್ಲವೇ 8.6ಕ್ಕೆ ಒಯ್ಯುತ್ತದೆ. 8.6 ಅಂದರೆ ಹತ್ತಿಯೂ ತನ್ನ ಗಡಿ ದಾಟಿತು. ಮೆಣಸಿನಕಾಯಿಗೆ ಪಟ್ಟಿಯ ಪ್ರಕಾರ ಇಳುವರಿಯೇ ಇಲ್ಲ. ಬರ ಉಪ್ಪನ್ನು ಹೇಗೆ ಹೆಚ್ಚಿಸುತ್ತದೆ ಅನ್ನುವುದು ಈ ಸಣ್ಣ ಲೆಕ್ಕದಲ್ಲೇ ಕಾಣುತ್ತದೆ. ಉಪ್ಪಿನ ತೂಕ ಬೇಕಿದ್ದರೆ ಅದನ್ನೂ ನೋಡಿ: ಈ ನೀರಿನ ಲೀಟರಿನಲ್ಲಿ ಸುಮಾರು 1.7 ಗ್ರಾಂ ಉಪ್ಪು ಇರುತ್ತದೆ. ಒಂದು ಎಕರೆಗೆ 100 ಮಿ.ಮೀ. ಹಾಯಿಸಿದರೆ 700 ಕಿಲೋ ಉಪ್ಪು ಹೊಲಕ್ಕೆ ಬಂದಂತೆ.

ಯಾವ ಬೆಳೆ ಹಾಕಬೇಕು ಎಂಬುದಷ್ಟೇ ನಿಮ್ಮ ಪ್ರಶ್ನೆಯಾದರೆ ಇದೇ ಸಾಕು. ಇದಕ್ಕೆಲ್ಲ ಕಂಪ್ಯೂಟರ್ ಮಾಡೆಲ್ ಕಟ್ಟಿಕೊಂಡು ಕೂರುವುದು ಸುಮ್ನೆ ಸಮಯ ಹಾಳು. ಆದರೆ ಪಟ್ಟಿಗೆ ದಿನದ ಲೆಕ್ಕ ಗೊತ್ತಿಲ್ಲ. ಯಾವ ವಾರ ನೀರು ತಪ್ಪಿತು, ನಡುವೆ ಮಳೆ ಬಂದು ಉಪ್ಪು ತೊಳೆಯಿತಾ, ಇಂಥದ್ದನ್ನೆಲ್ಲ ಅದು ಹೇಳುವುದಿಲ್ಲ.

ದಿನದ ಜಮಾ-ಖರ್ಚು: ಎಫ್‌ಎಒ 56 ಮತ್ತು ಆಕ್ವಾಕ್ರಾಪ್

1998ರ ಎಫ್‌ಎಒ 56ನೇ ಕೈಪಿಡಿಯ ವಿಧಾನ ಎಕ್ಸೆಲ್ ಹಾಳೆಯಲ್ಲೇ ನಡೆಯುತ್ತದೆ. ಬೇರಿನ ವಲಯವನ್ನು ಒಂದು ತೊಟ್ಟಿಯಂತೆ ನೋಡುತ್ತದೆ. ದಿನವೂ ಮಳೆ, ನೀರಾವರಿ ಜಮಾ. ಬೆಳೆ ಎಳೆದದ್ದು ಖರ್ಚು. ತೇವ ಒಂದು ಮಟ್ಟಕ್ಕಿಂತ ಇಳಿದರೆ ಬರದ ಗುಣಕ (1ಕ್ಕಿಂತ ಕಡಿಮೆ ಅಂಕಿ), ಮಣ್ಣಿನ ಇಸಿ ಗಡಿ ದಾಟಿದರೆ ಉಪ್ಪಿನ ಗುಣಕ. ಎರಡನ್ನೂ ಗುಣಿಸುತ್ತಾರೆ. ಒಳ್ಳೆಯ ವಿಧಾನ. ಆದರೆ ಇದರಲ್ಲಿ ಉಪ್ಪಿನ ಜಮಾ-ಖರ್ಚು ಇಲ್ಲ, ಮಣ್ಣಿನ ಇಸಿಯನ್ನು ನೀವೇ ಕೊಡಬೇಕು. ಇಳುವರಿ ಅರ್ಧಕ್ಕಿಂತ ಕೆಳಗಿಳಿಯುವಷ್ಟು ಉಪ್ಪಿದ್ದರೆ ಇದನ್ನು ಬಳಸಬಾರದು ಎಂದು ಆ ಕೈಪಿಡಿಯೇ ಎಚ್ಚರಿಸುತ್ತದೆ.

ಆಕ್ವಾಕ್ರಾಪ್ 2009ರಲ್ಲಿ ಎಫ್‌ಎಒ ಹೊರತಂದ ಉಚಿತ ಸಾಫ್ಟ್‌ವೇರ್. ಉಪ್ಪಿನ ಲೆಕ್ಕ ಮುಂದಿನ ಆವೃತ್ತಿಗಳಲ್ಲಿ ಸೇರಿತು. ಉಪ್ಪಿನ ಜಮಾ-ಖರ್ಚನ್ನು ಅದೇ ನೋಡಿಕೊಳ್ಳುತ್ತದೆ. ಎಲೆಯ ಹರವು ಕುಗ್ಗುವುದು, ಎಲೆಯ ರಂಧ್ರ ಮುಚ್ಚುವುದು ಎಲ್ಲ ಲೆಕ್ಕಕ್ಕೆ ಬರುತ್ತದೆ, ಕೊನೆಗೆ ಇಳುವರಿಯನ್ನೂ ಕೊಡುತ್ತದೆ. ಹವಾಮಾನ, ಮಣ್ಣಿನ ತರ, ಬಿತ್ತನೆ ದಿನ, ನೀರು ಹಾಯಿಸಿದ ದಿನ ಮತ್ತು ಪ್ರಮಾಣ ಇದ್ದರೆ ಶುರು ಮಾಡಬಹುದು. "ಎರಡು ನೀರು ಮಾತ್ರ ಸಿಗುತ್ತದೆ, ಯಾವಾಗ ಕೊಡಲಿ?" ಎಂಬ ಪ್ರಶ್ನೆಗೆ ನಾನು ಮೊದಲು ತೆಗೆಯುವುದು ಇದನ್ನೇ. ಬೇರಿನ ಆಳದ ಯಾವ ಪದರದಿಂದ ಎಷ್ಟು ನೀರು ಹೋಯಿತು ಎಂಬ ಸೂಕ್ಷ್ಮ ಬೇಕಾದಾಗ ಮಾತ್ರ ಇದು ಸಾಲದು.

ಪದರ ಪದರವಾಗಿ: ಹೈಡ್ರಸ್ ಮತ್ತು ಸ್ವಾಪ್

ಹೈಡ್ರಸ್-1ಡಿ ಎಂಬ ಸಾಫ್ಟ್‌ವೇರ್ ಹುಟ್ಟಿದ್ದು ಅಮೆರಿಕದ ರಿವರ್‌ಸೈಡ್‌ನಲ್ಲಿರುವ ಲವಣತೆ ಪ್ರಯೋಗಾಲಯದ ನಂಟಿನಲ್ಲಿ. ಸ್ವಾಪ್ ನೆದರ್ಲೆಂಡ್ಸ್‌ನ ವಾಗೆನಿಂಗನ್‌ನದು. ಎರಡೂ ಉಚಿತವಾಗಿ ಸಿಗುತ್ತವೆ. ಎರಡೂ 1931ರ ರಿಚರ್ಡ್ಸ್ ಸಮೀಕರಣದ (ಮಣ್ಣಿನೊಳಗೆ ನೀರು ಹೇಗೆ ಹರಿಯುತ್ತದೆ ಎಂಬ ಸೂತ್ರ) ಮೇಲೆ ನಿಂತಿವೆ. ಮಣ್ಣನ್ನು ತೆಳು ಪದರಗಳಾಗಿ ಸೀಳಿ, ಪ್ರತಿ ಪದರದಲ್ಲಿ ನೀರು ಎತ್ತ ಹರಿಯಿತು, ಉಪ್ಪು ಎತ್ತ ಹೋಯಿತು, ಬೇರು ಎಷ್ಟು ಎಳೆಯಿತು ಎಂದು ಲೆಕ್ಕ ಹಾಕುತ್ತವೆ. ಹೈಡ್ರಸ್‌ನ ಪರದೆ ಕಲಿಯುವವರಿಗೆ ಸುಲಭ. ಸ್ವಾಪ್‌ಗೆ ಟೆಕ್ಸ್ಟ್ ಫೈಲ್ ಬರೆದುಕೊಡಬೇಕು, ಆದರೆ ಬೆಳೆಯ ಬೆಳವಣಿಗೆಯ ಮಾಡೆಲ್ ಅದರೊಳಗೇ ಇದೆ.

ಬೇರಿನ ಎಳೆತವನ್ನು ಬರ ಎಷ್ಟು ತಗ್ಗಿಸುತ್ತದೆ ಅನ್ನುವುದಕ್ಕೆ ಎರಡು ಆಕಾರಗಳಿವೆ. ಫೆಡ್ಡೆಸ್ 1978ರಲ್ಲಿ ಕೊಟ್ಟದ್ದು ನಾಲ್ಕು ಮೂಲೆಯ ಗೆರೆ: ತೀರಾ ಜೌಗಿದ್ದರೂ ಎಳೆತವಿಲ್ಲ, ತೀರಾ ಒಣಗಿದರೂ ಇಲ್ಲ, ನಡುವೆ ಪೂರ್ತಿ. ಭತ್ತಕ್ಕೆ ಬಳಸುವಾಗ ಜೌಗಿನ ಕಡೆಯ ಮಿತಿ ತೆಗೆಯಲೇಬೇಕು, ಇಲ್ಲದಿದ್ದರೆ ನಿಂತ ನೀರಿನಲ್ಲಿ ಭತ್ತ ಒಣಗಿತು ಎಂದು ಮಾಡೆಲ್ ಹೇಳುತ್ತದೆ. ವಾನ್ ಗೆನುಕ್ಟೆನ್ 1987ರಲ್ಲಿ ಕೊಟ್ಟದ್ದು ನಯವಾಗಿ ಇಳಿಯುವ ಬಾಗು. ಎಳೆತ ಅರ್ಧಕ್ಕೆ ಇಳಿಯುವ ಒಂದು ಬಿಂದು ಮತ್ತು ಒಂದು ಘಾತ ಕೊಟ್ಟರೆ ಸಾಕು. ಘಾತ ಸಾಮಾನ್ಯವಾಗಿ 3.

ಈಗ ಮುಖ್ಯ ಪ್ರಶ್ನೆ. ಬರ ಮತ್ತು ಉಪ್ಪು ಎರಡೂ ಇದ್ದಾಗ ಏನು ಮಾಡಬೇಕು?

ಒಂದು ದಾರಿ ಗುಣಿಸುವುದು. ಬರದ ಗುಣಕ ಬೇರೆ, ಉಪ್ಪಿನ ಗುಣಕ ಬೇರೆ. ಎರಡನ್ನೂ ಗುಣಿಸಿ. ಇನ್ನೊಂದು ದಾರಿ ಕೂಡಿಸುವುದು. ಮಣ್ಣಿನ ಹಿಡಿತಕ್ಕೆ ಉಪ್ಪಿನ ಹಿಡಿತ ಕೂಡಿಸಿ, ಒಟ್ಟು ಹಿಡಿತಕ್ಕೆ ಒಂದೇ ಗುಣಕ. ಕೂಡಿಸುವುದರಲ್ಲೂ ಎರಡು ಬಗೆ: ಎರಡು ಹಿಡಿತವನ್ನೂ ಸಮಾನವೆಂದು ನೇರ ಕೂಡಿಸುವುದು, ಅಥವಾ ಉಪ್ಪಿನ ಹಿಡಿತಕ್ಕೆ ಕಡಿಮೆ ತೂಕ ಕೊಟ್ಟು ಕೂಡಿಸುವುದು.

ಒಂದು ಪದರ ತೆಗೆದುಕೊಳ್ಳೋಣ. 30 ಸೆಂ.ಮೀ. ಆಳ. ಮಣ್ಣಿನ ಹಿಡಿತ 500 ಸೆಂ.ಮೀ., ಅಂದರೆ ಇನ್ನೂ ಚೆನ್ನಾಗಿ ತೇವ ಇದೆ. ಮಣ್ಣಿನ ನೀರಿನ ಇಸಿ 10, ಹಾಗಾಗಿ ಉಪ್ಪಿನ ಹಿಡಿತ 3,600 ಸೆಂ.ಮೀ. ಎಳೆತ ಅರ್ಧಕ್ಕೆ ಇಳಿಯುವ ಬಿಂದು ಬರಕ್ಕೆ 3,000, ಉಪ್ಪಿಗೆ 5,000 ಎಂದು ಇಟ್ಟುಕೊಳ್ಳೋಣ. ಬಾಗು ವಾನ್ ಗೆನುಕ್ಟೆನ್ ಕೊಟ್ಟದ್ದು, ಘಾತ 3. ಇವು ಲೆಕ್ಕ ತೋರಿಸಲು ಆರಿಸಿದ ಅಂಕಿಗಳು, ಯಾವ ಬೆಳೆಯವೂ ಅಲ್ಲ. ಗುಣಿಸುವ ದಾರಿಯಲ್ಲಿ ಬರದ ಗುಣಕ 0.995, ಉಪ್ಪಿನದು 0.73, ಒಟ್ಟು 0.73 ಅಂದುಕೊಳ್ಳಿ. ಉಪ್ಪಿನ ಹಿಡಿತಕ್ಕೆ 0.6 (3,000ವನ್ನು 5,000ದಿಂದ ಭಾಗಿಸಿದ್ದು) ತೂಕ ಕೊಟ್ಟು ಕೂಡಿಸಿದರೆ 0.59. ನೇರವಾಗಿ ಕೂಡಿಸಿದರೆ 0.28. ಬೆಳೆಗೆ ಆ ದಿನ 6 ಮಿ.ಮೀ. ನೀರು ಬೇಕಿತ್ತು, ಎಲ್ಲ ಪದರವೂ ಹೀಗೇ ಇದೆ ಅಂದರೆ ಅದು ಎಳೆದದ್ದು 4.4 ಮಿ.ಮೀ., 3.5 ಮಿ.ಮೀ. ಅಥವಾ 1.7 ಮಿ.ಮೀ. ಹೊಲ ಅದೇ, ದಿನ ಅದೇ.

ಹತ್ತು ಹದಿನೈದು ದಿನ ನೀರು ಕೊಡಲಿಲ್ಲ ಎಂದುಕೊಳ್ಳಿ. ಮಣ್ಣಿನ ಹಿಡಿತ 2,000ಕ್ಕೆ ಏರಿತು, ಉಳಿದ ನೀರಿನ ಇಸಿ 14 ಆಯಿತು. ಈಗ ಗುಣಿಸಿದರೆ 0.38, ತೂಕ ಕೊಟ್ಟು ಕೂಡಿಸಿದರೆ 0.18, ನೇರ ಕೂಡಿಸಿದರೆ 0.07. ಮೊದಲನೆಯದು ಬೆಳೆ ಬಾಡಿದರೂ ಉಳಿದಿದೆ ಅನ್ನುತ್ತದೆ. ಕೊನೆಯದು ಬೆಳೆ ಮುಗಿಯಿತು ಅನ್ನುತ್ತದೆ.

ನೇರ ಕೂಡಿಸುವುದನ್ನು ನಾನು ಒಪ್ಪುವುದಿಲ್ಲ. ಕಾರಣ ಇದೆ. ಮಣ್ಣು ಒಣಗಿದಾಗ ಹಿಡಿತ ಹೆಚ್ಚುವುದಷ್ಟೇ ಅಲ್ಲ, ನೀರು ಬೇರಿನ ಕಡೆ ಹರಿದು ಬರುವ ದಾರಿಯೇ ಕಡಿದು ಹೋಗುತ್ತದೆ. ಉಪ್ಪಾದರೂ ಹಸಿಯಾಗಿರುವ ಮಣ್ಣಿನಲ್ಲಿ ಆ ದಾರಿ ತೆರೆದೇ ಇರುತ್ತದೆ. ಜೊತೆಗೆ ಗಿಡ ತನ್ನ ಜೀವಕೋಶದಲ್ಲಿ ದ್ರಾವಣ ಗಟ್ಟಿ ಮಾಡಿಕೊಂಡು ಉಪ್ಪಿಗೆ ಸ್ವಲ್ಪ ಹೊಂದಿಕೊಳ್ಳುತ್ತದೆ. ಹೀಗಾಗಿ ಒಂದು ಮೀಟರ್ ಉಪ್ಪಿನ ಹಿಡಿತ ಒಂದು ಮೀಟರ್ ಒಣಗಿದ ಮಣ್ಣಿನ ಹಿಡಿತದಷ್ಟು ಪೆಟ್ಟು ಕೊಡುವುದಿಲ್ಲ.

ಗುಣಿಸುವುದಕ್ಕೂ ಭೌತಿಕ ಆಧಾರ ಗಟ್ಟಿಯಾಗಿಲ್ಲ, ಅನುಭವದ ಸೂತ್ರ ಅದು. ಹೋಮಾಯಿ, ಫೆಡ್ಡೆಸ್, ಡಿರ್ಕ್ಸನ್ 2002ರಲ್ಲಿ ಕುದುರೆಮೆಂತೆ ಬೆಳೆಸಿ ಪರೀಕ್ಷಿಸಿದಾಗ ಇವೆರಡೂ ಸರಿಯಾಗಿ ಹೊಂದಲಿಲ್ಲ. ಅವರು ನಡುವಿನ ದಾರಿ ಸೂಚಿಸಿದರು: ಉಪ್ಪು ಹೆಚ್ಚಿದಂತೆ ಬೆಳೆ ಬಾಡುವ ಬಿಂದುವೇ ಮುಂಚೆ ಬರುವಂತೆ ಸರಿಸಿ, ಆಮೇಲೆ ಉಪ್ಪಿನ ಗುಣಕದಿಂದ ಗುಣಿಸುವುದು. ನನಗೆ ಇದು ಹೊಲಕ್ಕೆ ಹತ್ತಿರ ಅನ್ನಿಸುತ್ತದೆ.

ಹಾಗಾದರೆ ಏನು ಮಾಡಬೇಕು? ನಿಮ್ಮ ಹೊಲಕ್ಕೆ ನೀರು ಹೇಗೆ ಕೊಡುತ್ತೀರಿ ಎಂಬುದರ ಮೇಲೆ ಇದು ನಿಂತಿದೆ. ಡ್ರಿಪ್ ಹಾಕಿ ಎರಡು ಮೂರು ದಿನಕ್ಕೊಮ್ಮೆ ಉಪ್ಪು ನೀರೇ ಕೊಡುತ್ತಿದ್ದರೆ ಮಣ್ಣಿನ ಹಿಡಿತ 50 ಸೆಂ.ಮೀ. ಆಸುಪಾಸಿನಲ್ಲೇ ಇರಬಹುದು. ಮೇಲಿನ ಲೆಕ್ಕವನ್ನೇ ಉಪ್ಪು ಅಷ್ಟೇ ಇಟ್ಟು ಮತ್ತೆ ಹಾಕಿ. ಗುಣಿಸಿದರೆ 0.73, ತೂಕ ಕೊಟ್ಟು ಕೂಡಿಸಿದರೆ 0.71. ವ್ಯತ್ಯಾಸ ಇಲ್ಲವೇ ಇಲ್ಲ ಅನ್ನಬಹುದು. ಅಲ್ಲಿ ಈ ಚರ್ಚೆಗೆ ತಲೆ ಕೆಡಿಸಿಕೊಳ್ಳಬೇಡಿ, ಗುಣಿಸುವ ದಾರಿ ಹಿಡಿಯಿರಿ. ಸಾಲಿನಲ್ಲಿ ನೀರು ಹಾಯಿಸಿ ಹದಿನೈದು ಇಪ್ಪತ್ತು ದಿನ ಬಿಡುವ ಹೊಲವಾದರೆ ಮಾತ್ರ ಎರಡೂ ದಾರಿಯಲ್ಲಿ ಓಡಿಸಿ, ಎರಡು ಉತ್ತರವನ್ನೂ ವರದಿಯಲ್ಲಿ ಕೊಡಿ. ಒಂದೇ ಉತ್ತರ ಕೊಟ್ಟು ಖಚಿತ ಎಂದು ಬರೆದರೆ ಓದುವ ಅಧಿಕಾರಿಗೂ ರೈತನಿಗೂ ಅನ್ಯಾಯ.

ಇನ್ನೊಂದು ಸ್ವಿಚ್ ಇದೆ, ಹಲವರು ಅದನ್ನು ಮುಟ್ಟುವುದೇ ಇಲ್ಲ. ಮೇಲಿನ ಪದರ ಉಪ್ಪಾಗಿ ಒಣಗಿದರೆ ಬೇರು ಕೆಳಗಿನ ಪದರದಿಂದ ಜಾಸ್ತಿ ಎಳೆದು ಸರಿದೂಗಿಸಿಕೊಳ್ಳುತ್ತದೆ. ಜಾರ್ವಿಸ್ 1989ರಲ್ಲಿ ಇದಕ್ಕೆ ಸೂತ್ರ ಕೊಟ್ಟರು. ಹೈಡ್ರಸ್‌ನಲ್ಲಿ ಆ ಸೂತ್ರದ ಅಂಕಿ 1 ಎಂದಿದ್ದರೆ ಸರಿದೂಗಿಸುವಿಕೆ ಇಲ್ಲ ಎಂದರ್ಥ. ಬೇಸಿಗೆಯಲ್ಲಿ ಬೋರ್ ನೀರು ಹಾಯಿಸಿ ಮೇಲೆ ಉಪ್ಪು ಕೂತಿದ್ದು ಕೆಳಗೆ ಹಳೆಯ ಮಳೆಯ ತೇವ ಉಳಿದಿದ್ದರೆ ಇದನ್ನು ಬಳಸಲೇಬೇಕು. ಹತ್ತಿಯಂಥ ಆಳ ಬೇರಿನ ಬೆಳೆಗಂತೂ ಇನ್ನೂ ಮುಖ್ಯ. ಆದರೆ ಅಂತರ್ಜಲ ಮೇಲೆ ಬಂದು ಜವಳಾದ ಹೊಲದಲ್ಲಿ ಕೆಳಗಿನ ನೀರೇ ಜಾಸ್ತಿ ಉಪ್ಪು. ಅಲ್ಲಿ ಬೇರು ಕೆಳಗೆ ಎಳೆದೂ ಗೆಲ್ಲುವುದಿಲ್ಲ. ಸವಳು-ಜವಳು ಎರಡೂ ಇರುವ ಜಾಗದಲ್ಲಿ ಅಂತರ್ಜಲದ ಮಟ್ಟವನ್ನು ಮಾಡೆಲಿನ ತಳದ ಗಡಿಯಾಗಿ ಕೊಡದಿದ್ದರೆ ಉಳಿದ ಶ್ರಮವೆಲ್ಲ ವ್ಯರ್ಥ.

ತಪ್ಪುವ ಜಾಗಗಳು

ಇಸಿ ಎಂದರೆ ಯಾವ ಇಸಿ ಎಂದು ಕೇಳದೆ ಅಂಕಿ ತುಂಬಬೇಡಿ. ಮಾಸ್-ಹಾಫ್‌ಮನ್ ಪಟ್ಟಿಯ ಇಸಿ ಎಂದರೆ ಮಣ್ಣನ್ನು ನೀರಲ್ಲಿ ಪೇಸ್ಟಿನಂತೆ ಕಲಸಿ, ಅದರಿಂದ ಹೀರಿ ತೆಗೆದ ನೀರಿನ ಇಸಿ. ನಮ್ಮ ಮಣ್ಣು ಪರೀಕ್ಷಾ ಕೇಂದ್ರಗಳು ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಹಾಕಿ ಅಳೆಯುತ್ತವೆ. ಜಾಸ್ತಿ ನೀರು ಹಾಕಿದ್ದರಿಂದ ಅಂಕಿ ಸಣ್ಣದಾಗಿ ಬರುತ್ತದೆ. ಮಣ್ಣು ಆರೋಗ್ಯ ಕಾರ್ಡಿನಲ್ಲಿ 1.2 ಇದೆ ಎಂದು ನೇರ ಮಾಡೆಲಿಗೆ ಕೊಟ್ಟರೆ ಅದು ಹೊಲಕ್ಕೆ ಇಲ್ಲದ ಆರೋಗ್ಯವನ್ನು ಇದೆ ಎಂದು ತೋರಿಸುತ್ತದೆ. ಹೈಡ್ರಸ್ ಲೆಕ್ಕ ಹಾಕುವ ಇಸಿ ಮೂರನೆಯದು: ಆ ಗಳಿಗೆಯಲ್ಲಿ ಮಣ್ಣಿನಲ್ಲಿ ಇರುವ ನೀರಿನದು. ಹದವಾದ ತೇವ ಇರುವಾಗ ಅದು ಪೇಸ್ಟ್ ಇಸಿಯ ಸುಮಾರು ಎರಡು ಪಟ್ಟು. ಪಟ್ಟಿಯ ಗಡಿಯನ್ನೂ ಅದಕ್ಕೆ ತಕ್ಕಂತೆ ಹೆಚ್ಚಿಸಬೇಕು, ಇಳಿಜಾರನ್ನು (ಪಟ್ಟಿಯ ಎರಡನೇ ಅಂಕಿ) ತಗ್ಗಿಸಬೇಕು.

ಎರೆ ಭೂಮಿ ಬಿರುಕು ಬಿಡುತ್ತದೆ. ಬರದಲ್ಲಿ ಬಿರುಕು ಕೈ ತೂರುವಷ್ಟು ಅಗಲ ಆಗುತ್ತದೆ. ಆಮೇಲೆ ಹಾಯಿಸಿದ ನೀರಿನ ಒಂದು ಪಾಲು ಬಿರುಕಿನಲ್ಲೇ ಕೆಳಕ್ಕೆ ಹೋಗುತ್ತದೆ, ಮಣ್ಣಿನ ಹೆಂಟೆಯೊಳಗಿನ ಉಪ್ಪು ಅಲ್ಲೇ ಉಳಿಯುತ್ತದೆ. ಸಾದಾ ರಿಚರ್ಡ್ಸ್ ಲೆಕ್ಕಕ್ಕೆ ಇದು ಕಾಣುವುದಿಲ್ಲ, ಉಪ್ಪು ಚೆನ್ನಾಗಿ ತೊಳೆಯಿತು ಅನ್ನುತ್ತದೆ. ಸ್ವಾಪ್‌ನಲ್ಲಿ ಬಿರುಕಿನ ಹರಿವಿಗೆ ಬೇರೆ ವ್ಯವಸ್ಥೆ ಇದೆ. ಹೈಡ್ರಸ್‌ನಲ್ಲಿ ಎರಡು ಬಗೆಯ ರಂಧ್ರಗಳ ಆಯ್ಕೆ ಇದೆ. ಎರೆ ಭೂಮಿಯಲ್ಲಿ ಉಪ್ಪು ತೊಳೆಯುವ ಲೆಕ್ಕವೇ ಮುಖ್ಯವಾದರೆ ನಾನು ಸ್ವಾಪ್ ಕಡೆ ವಾಲುತ್ತೇನೆ.

ನೀರಿನಲ್ಲಿ ಸೋಡಿಯಂ, ಬೈಕಾರ್ಬನೇಟ್ ಜಾಸ್ತಿ ಇದ್ದರೆ ಅದು ಬೇರೆಯೇ ರೋಗ. ಇಸಿ ಕಡಿಮೆ ಇದ್ದರೂ ಮಣ್ಣು ಬಿಗಿದುಕೊಂಡು ನೀರು ಇಳಿಯುವುದೇ ನಿಲ್ಲುತ್ತದೆ. ಇಸಿ ಒಂದನ್ನೇ ನೋಡುವ ಯಾವ ಮಾಡೆಲೂ ಇದನ್ನು ಹಿಡಿಯುವುದಿಲ್ಲ. ಹೈಡ್ರಸ್‌ನ ಅಯಾನುಗಳ ಮಾಡ್ಯೂಲ್ ಬೇಕು, ಅದಕ್ಕೆ ನೀರಿನ ಪೂರ್ತಿ ಪರೀಕ್ಷೆ ಬೇಕು.

ಇಪ್ಪತ್ತು ವರ್ಷದಲ್ಲಿ ಒಂದು ಉಪಕಾಲುವೆಯ ಕೆಳಗಿನ ಭೂಮಿ ಎಷ್ಟು ಸವಳಾಗುತ್ತದೆ, ಬಸಿಗಾಲುವೆ ತೋಡಿದರೆ ಎಷ್ಟು ಉಳಿಯುತ್ತದೆ ಎಂಬ ದೊಡ್ಡ ಪ್ರಶ್ನೆಗೆ ಇವ್ಯಾವುವೂ ಬೇಡ. ಋತುವಾರು ಲೆಕ್ಕ ಹಾಕುವ ಸಾಲ್ಟ್‌ಮಾಡ್ ಎಂಬ ಮಾಡೆಲ್ ಸಾಕು.

ನಾನಾದರೆ ಹೇಗೆ ಆರಿಸುತ್ತೇನೆ

ಕೈಯಲ್ಲಿ ನೀರಿನ ಇಸಿ ಒಂದೇ ಇದ್ದರೆ ಪಟ್ಟಿ. ಬಸಿಯುವ ಪಾಲನ್ನು ಶೇ. 15, 10, 5 ಎಂದು ಮೂರು ಸಲ ಬದಲಿಸಿ ನೋಡುತ್ತೇನೆ. ಹವಾಮಾನದ ಅಂಕಿ, ನೀರು ಹಾಯಿಸಿದ ದಿನಗಳು, ಒಂದು ಹಂಗಾಮಿನ ಇಳುವರಿ ಇದ್ದರೆ ಆಕ್ವಾಕ್ರಾಪ್. ಪದರವಾರು ತೇವ ಮತ್ತು ಇಸಿಯ ಅಳತೆ ಇದ್ದರೆ ಮಾತ್ರ ಹೈಡ್ರಸ್ ಅಥವಾ ಸ್ವಾಪ್. ಆ ಅಳತೆ ಇಲ್ಲದೆ ಹೈಡ್ರಸ್ ಓಡಿಸಿದರೆ ಬರುವುದು ಚೆಂದದ ಚಿತ್ರ ಮಾತ್ರ. ಹತ್ತು ನಿಯತಾಂಕಗಳನ್ನು ಹೇಗೆ ಬೇಕಾದರೂ ಹೊಂದಿಸಿ ಬೇಕಾದ ಉತ್ತರ ತರಬಹುದು.

ಪ್ರಬಂಧಕ್ಕೆ ಕೆಲಸ ಮಾಡುವವರಿಗೆ ಒಂದು ಮಾತು. ಹಣ, ಸಮಯ ಎರಡೂ ಕಡಿಮೆ ಇದ್ದರೆ ಹೊಸ ಸೆನ್ಸರ್‌ಗಿಂತ ಮೊದಲು ಮಣ್ಣು ತೆಗೆಯುವ ಆಗರ್‌ಗೆ ಖರ್ಚು ಮಾಡಿ. 15, 30, 60, 90 ಸೆಂ.ಮೀ. ಆಳದಲ್ಲಿ ಮಾದರಿ ತೆಗೆದು ತೇವ ಮತ್ತು ಪೇಸ್ಟ್ ಇಸಿ ಎರಡನ್ನೂ ಅಳೆಯಿರಿ. ಬಿತ್ತನೆಗೆ ಮುಂಚೆ ಒಂದು ಸಲ, ನೀರು ಹಾಯಿಸುವ ಹಿಂದಿನ ದಿನ ಒಂದು ಸಲ, ಕೊಯ್ಲಿನ ನಂತರ ಒಂದು ಸಲ. ನಡುವಿನದು ತಪ್ಪಲೇಬಾರದು. ಮಣ್ಣು ಅತಿ ಒಣಗಿ ಉಪ್ಪು ಅತಿ ಗಟ್ಟಿಯಾಗಿರುವ ದಿನ ಅದು. ಗುಣಿಸುವ ದಾರಿ ಮತ್ತು ಕೂಡಿಸುವ ದಾರಿ ಒಂದರಿಂದೊಂದು ದೂರ ಸರಿಯುವುದೂ ಆ ದಿನವೇ, ಯಾವುದು ನಿಮ್ಮ ಹೊಲಕ್ಕೆ ಹತ್ತಿರ ಎಂದು ತಿಳಿಯುವುದೂ ಅಲ್ಲೇ. ಉಪ್ಪು ಮಣ್ಣು ಮತ್ತು ಉಪ್ಪು ನೀರಿನ ಅಖಿಲ ಭಾರತ ಸಂಶೋಧನಾ ಯೋಜನೆಯ ಒಂದು ಕೇಂದ್ರ ಗಂಗಾವತಿಯಲ್ಲೇ ಇದೆ. 1969ರಲ್ಲಿ ಶುರುವಾದ, ಹರಿಯಾಣದ ಕರ್ನಾಲ್‌ನಲ್ಲಿರುವ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಗೆ ಸೇರಿದ ಯೋಜನೆ ಅದು. ಹೊರದೇಶದ ಪಟ್ಟಿಯ ಅಂಕಿ ಹಾಕುವ ಮುಂಚೆ ಅಲ್ಲಿನ ವರದಿಗಳಲ್ಲಿ ನಿಮ್ಮ ಬೆಳೆ, ನಿಮ್ಮ ಮಣ್ಣಿನ ಅಂಕಿ ಇದೆಯಾ ಎಂದು ಹುಡುಕಿ.